ಕೀಲಿಕೈ ಕಾಯ್ದ ಗಣಿತಜ್ಞ ಅಲನ್ ಟ್ಯೂರಿಂಗ್

ಮಕ್ಕಳೇ, ನಿಮ್ಮ ಮನೆಯ ಮೊಬೈಲ್ ಫೋನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದ ಒಂದು ಕಾರ್ಡ್ ಇರುವುದನ್ನು ನೀವು ನೋಡಿರಬಹುದು. ಅದೇ ಸಿಮ್ ಕಾರ್ಡ್. ಅದನ್ನು ತೆಗೆದರೆ ಕರೆ ಹೋಗುವುದಿಲ್ಲ, ಬರುವುದೂ ಇಲ್ಲ. ಅದರ ಮೇಲಿನ ಚಿನ್ನದ ಬಣ್ಣದ ಚೌಕದ ಕೆಳಗೆ ಒಂದು ಪುಟ್ಟ ಚಿಪ್ ಇದೆ. ಆ ಚಿಪ್‌ನಲ್ಲಿ ಒಂದು ಗುಟ್ಟಿನ ಸಂಖ್ಯೆ ಅಡಗಿದೆ. ನಾವು ಆಡಿದ ಮಾತು ರೇಡಿಯೋ ಅಲೆಯಾಗಿ ಗೋಪುರದ ಕಡೆಗೆ ಸಾಗುವಾಗ ದಾರಿಯಲ್ಲಿ ಬೇರೆಯವರಿಗೆ ಅರ್ಥವಾಗದಂತೆ ಮಾಡಲು ಈ ಸಂಖ್ಯೆ ಬೇಕು.

ಮನೆಗೆ ಬೀಗ ಹಾಕುವಂತೆ ಮಾತಿಗೂ ಬೀಗ ಹಾಕಬಹುದು. ಆ ಬೀಗದ ಕೀಲಿಕೈ ಈ ಕಾರ್ಡಿನಲ್ಲಿದೆ ಎಂದು ತಿಳಿಯಿರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೂರವಾಣಿಯ ಮಾತಿಗೆ ಹೀಗೆ ಬೀಗ ಹಾಕಲು ಸುಮಾರು 50 ಟನ್ ತೂಕದ ಯಂತ್ರ ಬೇಕಾಗಿತ್ತು! ಆ ಯಂತ್ರವನ್ನು ಪರಿಶೀಲಿಸಿ, ಅದೇ ಕೆಲಸವನ್ನು ಮೂರು ಚಿಕ್ಕ ಪೆಟ್ಟಿಗೆಗಳಲ್ಲಿ ಮಾಡಿ ತೋರಿಸಿದ ಗಣಿತಜ್ಞರೊಬ್ಬರಿದ್ದರು. ಅವರೇ ಅಲನ್ ಟ್ಯೂರಿಂಗ್. ಅವರ ಜೀವನದ ಕಥೆಯನ್ನು ಈಗ ತಿಳಿಯೋಣ.

ಬಾಲ್ಯ

ಅಲನ್ ಅವರ ಮನೆತನಕ್ಕೆ ದಕ್ಷಿಣ ಭಾರತದ ನಂಟಿದೆ. ತಂದೆ ಜೂಲಿಯಸ್ ಟ್ಯೂರಿಂಗ್ ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದರು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ನಮ್ಮ ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದ ಎಂಜಿನಿಯರ್ ಅವರೇ.

ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ತಂದೆಯ ಕೆಲಸ ಭಾರತದಲ್ಲಿ ಇದ್ದುದರಿಂದ ಅಲನ್ ಮತ್ತು ಅವನ ಅಣ್ಣ ಜಾನ್ ಬಾಲ್ಯದ ಬಹುಕಾಲವನ್ನು ಇಂಗ್ಲೆಂಡಿನಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಕಳೆದರು. ತಂದೆತಾಯಿ ಆಗಾಗ ಬಂದು ಹೋಗುತ್ತಿದ್ದರು.

1926ರಲ್ಲಿ ಹದಿಮೂರು ವರ್ಷದ ಅಲನ್ ಶೆರ್ಬೋರ್ನ್ ಶಾಲೆಗೆ ಸೇರಬೇಕಿತ್ತು. ಹಡಗಿನಿಂದ ಸೌತಾಂಪ್ಟನ್ ಬಂದರಿನಲ್ಲಿ ಇಳಿದಾಗ ದೇಶದಾದ್ಯಂತ ಮುಷ್ಕರ, ರೈಲುಗಳು ನಿಂತಿದ್ದವು. ಅಲನ್ ತನ್ನ ಸೈಕಲ್ ಹತ್ತಿದ. ಸುಮಾರು 60 ಮೈಲಿ, ಅಂದರೆ ಹೆಚ್ಚುಕಡಿಮೆ 95 ಕಿಲೋಮೀಟರ್ ದಾರಿ. ನಡುವೆ ಒಂದು ರಾತ್ರಿ ತಂಗಿ, ಮರುದಿನ ಶಾಲೆ ತಲುಪಿದ!

ಶಾಲೆಯಲ್ಲಿ ಅವನಿಗೆ ಕ್ರಿಸ್ಟೋಫರ್ ಮಾರ್ಕಮ್ ಎಂಬ ಗೆಳೆಯ ಸಿಕ್ಕಿದ. ಇಬ್ಬರಿಗೂ ಗಣಿತ, ರಸಾಯನಶಾಸ್ತ್ರ, ನಕ್ಷತ್ರ ವೀಕ್ಷಣೆ ಎಂದರೆ ಪ್ರಾಣ. ಆದರೆ 1930ರಲ್ಲಿ ಕ್ರಿಸ್ಟೋಫರ್ ಕ್ಷಯರೋಗದಿಂದ ತೀರಿಕೊಂಡ. ಅಲನ್‌ಗೆ ಇದು ದೊಡ್ಡ ಆಘಾತ. ಗೆಳೆಯ ಮಾಡಬೇಕಾಗಿದ್ದ ಕೆಲಸವನ್ನು ತಾನು ಮಾಡಬೇಕೆಂದು ಅವನು ನಿಶ್ಚಯಿಸಿಕೊಂಡ.

ಕಾಗದದ ಮೇಲಿನ ಯಂತ್ರ

1931ರಲ್ಲಿ ಅಲನ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. 1936ರಲ್ಲಿ, 24ನೆಯ ವಯಸ್ಸಿನಲ್ಲಿ, ಅವರು ಬರೆದ ಒಂದು ಪ್ರಬಂಧ ಇಂದಿನ ಕಂಪ್ಯೂಟರಿಗೆ ತಳಹದಿಯಾಯಿತು. ಚೌಕಗಳಿರುವ ಉದ್ದನೆಯ ಪಟ್ಟಿಯ ಮೇಲೆ ಗುರುತುಗಳನ್ನು ಓದುವ, ಬರೆಯುವ, ಅಳಿಸುವ ಒಂದು ಯಂತ್ರವನ್ನು ಅವರು ಕಲ್ಪಿಸಿಕೊಂಡರು. ಸೂಚನೆಗಳನ್ನು ಬದಲಿಸಿದರೆ ಸಾಕು, ಒಂದೇ ಯಂತ್ರ ಬೇರೆ ಬೇರೆ ಕೆಲಸ ಮಾಡಬಲ್ಲದು ಎಂದು ಅವರು ತೋರಿಸಿಕೊಟ್ಟರು.

ಅದೇ ವರ್ಷ ಅವರು ಹೆಚ್ಚಿನ ಓದಿಗೆ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. ಅಲ್ಲಿ ಬಿಡುವಿನ ವೇಳೆಯಲ್ಲಿ ವಿದ್ಯುತ್ತಿನಿಂದ ಗುಣಾಕಾರ ಮಾಡುವ ಒಂದು ಸಾಧನವನ್ನು ಕೈಯಾರೆ ಕಟ್ಟತೊಡಗಿದರು. ಸಂದೇಶವನ್ನು ಸಂಖ್ಯೆಯಾಗಿ ಬರೆದು, ಅದನ್ನು ಒಂದು ದೊಡ್ಡ ಗುಟ್ಟಿನ ಸಂಖ್ಯೆಯಿಂದ ಗುಣಿಸಿ ಕಳುಹಿಸಿದರೆ ಬೇರೆಯವರಿಗೆ ತಿಳಿಯುವುದಿಲ್ಲ ಎಂಬುದು ಅವರ ವಿಚಾರ. ಆ ಗುಟ್ಟಿನ ಸಂಖ್ಯೆಯೇ ಕೀಲಿಕೈ. ಈ ಕೀಲಿಕೈ ಮುಂದೆ ಅವರ ಬದುಕಿನುದ್ದಕ್ಕೂ ಬರುತ್ತದೆ, ಗಮನಿಸುತ್ತಾ ಹೋಗಿ.

ಎನಿಗ್ಮಾ ಎಂಬ ಒಗಟು

1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಬ್ರಿಟನ್ ಯುದ್ಧ ಸಾರಿದ ಮರುದಿನವೇ, ಸೆಪ್ಟೆಂಬರ್ 4ರಂದು, ಟ್ಯೂರಿಂಗ್ ಲಂಡನ್ನಿನಿಂದ ದೂರದ ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಕೆಲಸಕ್ಕೆ ಹಾಜರಾದರು. ಜರ್ಮನಿಯ ಗುಪ್ತ ಸಂದೇಶಗಳನ್ನು ಬಿಡಿಸುವುದು ಅಲ್ಲಿನ ಕೆಲಸ.

ಜರ್ಮನ್ ಸೇನೆ ಎನಿಗ್ಮಾ ಎಂಬ ಯಂತ್ರವನ್ನು ಬಳಸುತ್ತಿತ್ತು. ನೋಡಲು ಬೆರಳಚ್ಚು ಯಂತ್ರದಂತೆ. ಒಂದು ಅಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಹತ್ತುತ್ತದೆ. ಪ್ರತಿ ಸಲ ಒತ್ತಿದಾಗಲೂ ಒಳಗಿನ ಚಕ್ರ ತಿರುಗುವುದರಿಂದ ಅದೇ ಅಕ್ಷರವನ್ನು ಮತ್ತೆ ಒತ್ತಿದರೆ ಇನ್ನೊಂದು ದೀಪ ಹತ್ತಬಹುದು.

ಒಂದು ಲೆಕ್ಕ ಮಾಡೋಣ. ಐದು ಚಕ್ರಗಳಲ್ಲಿ ಮೂರನ್ನು ಆರಿಸಿ ಸಾಲಾಗಿ ಜೋಡಿಸಲು 5×4×3 = 60 ವಿಧಗಳಿವೆ. ಪ್ರತಿ ಚಕ್ರದಲ್ಲಿ 26 ಅಕ್ಷರ. ಹಾಗಾಗಿ ಶುರುವಿನ ಸ್ಥಾನಗಳು 26×26×26 = 17,576. ಇದರ ಜೊತೆಗೆ ಮುಂಭಾಗದಲ್ಲಿ ಹತ್ತು ತಂತಿಗಳಿಂದ ಅಕ್ಷರಗಳನ್ನು ಜೋಡಿ ಮಾಡುವ ಫಲಕ. ಎಲ್ಲ ಸೇರಿದರೆ 1ರ ಮುಂದೆ 20 ಸೊನ್ನೆ ಬರೆದಾಗ ಬರುವ ಸಂಖ್ಯೆಗಿಂತ ಹೆಚ್ಚು ಜೋಡಣೆಗಳು! ಅಷ್ಟರಲ್ಲಿ ಅಂದಿನ ಜೋಡಣೆ ಯಾವುದು ಎಂಬುದೇ ಅಂದಿನ ಕೀಲಿಕೈ. ಅದನ್ನು ದಿನದಿನವೂ ಬದಲಿಸುತ್ತಿದ್ದರು.

ಇಲ್ಲಿ ಒಂದು ಮುಖ್ಯ ವಿಚಾರವಿದೆ. ಯುದ್ಧದಲ್ಲಿ ಯಂತ್ರ ಯಾವಾಗ ಬೇಕಾದರೂ ಶತ್ರುವಿನ ಕೈಗೆ ಸಿಗಬಹುದು. ಅದಕ್ಕೇ 1883ರಲ್ಲಿಯೇ ಆಗಸ್ಟ್ ಕೆರ್ಕಾಫ್ಸ್ ಎಂಬ ವಿದ್ವಾಂಸರು ಒಂದು ತತ್ವ ಹೇಳಿದ್ದರು: ಯಂತ್ರ ಶತ್ರುವಿಗೆ ಸಿಕ್ಕರೂ ಗುಟ್ಟು ಉಳಿಯಬೇಕು, ಗುಟ್ಟು ಇರಬೇಕಾದದ್ದು ಕೀಲಿಕೈಯಲ್ಲಿ ಮಾತ್ರ.

ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್‌ಸ್ಕಿ 1932ರಲ್ಲಿಯೇ ಎನಿಗ್ಮಾದ ಒಳರಚನೆಯನ್ನು ಗಣಿತದಿಂದ ಕಂಡುಹಿಡಿದಿದ್ದರು. 1939ರ ಜುಲೈನಲ್ಲಿ ಪೋಲೆಂಡಿನವರು ತಮಗೆ ತಿಳಿದುದನ್ನೆಲ್ಲ ಬ್ರಿಟನ್ ಮತ್ತು ಫ್ರಾನ್ಸಿಗೆ ಹೇಳಿಕೊಟ್ಟರು. ಟ್ಯೂರಿಂಗ್ ಅಲ್ಲಿಂದ ಮುಂದೆ ಹೊರಟರು.

ಎನಿಗ್ಮಾದಲ್ಲಿ ಒಂದು ದೌರ್ಬಲ್ಯವಿತ್ತು. ಯಾವ ಅಕ್ಷರವೂ ತಾನೇ ತಾನಾಗಿ ಹೊರಬರುತ್ತಿರಲಿಲ್ಲ. ‘ಎ’ ಒತ್ತಿದರೆ ‘ಎ’ ಬಿಟ್ಟು ಬೇರೆಯದೇ ಬರುತ್ತಿತ್ತು. ಹವಾಮಾನ ವರದಿಯಂಥ ಸಂದೇಶಗಳಲ್ಲಿ ಕೆಲವು ಪದಗಳು ಇದ್ದೇ ಇರುತ್ತವೆ ಎಂದು ಊಹಿಸಬಹುದಿತ್ತು. ಊಹಿಸಿದ ಪದವನ್ನು ಗುಪ್ತ ಸಂದೇಶದ ಕೆಳಗೆ ಇಟ್ಟು ಸರಿಸುತ್ತಾ ಹೋಗುವುದು. ಎಲ್ಲಿಯಾದರೂ ಮೇಲೆ ಕೆಳಗೆ ಒಂದೇ ಅಕ್ಷರ ಬಂದರೆ ಆ ಜಾಗ ತಪ್ಪು! ಹೀಗೆ ಸರಿಯಾದ ಜಾಗ ಹುಡುಕಿದ ಮೇಲೆ ಚಕ್ರಗಳ ಸ್ಥಾನಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹೊಂದದೆ ಇರುವುದನ್ನು ತಳ್ಳಿಹಾಕಲು ಟ್ಯೂರಿಂಗ್ ಬಾಂಬ್ ಎಂಬ ಯಂತ್ರವನ್ನು ವಿನ್ಯಾಸ ಮಾಡಿದರು. ಇದು ಸಿಡಿಯುವ ಬಾಂಬ್ ಅಲ್ಲ. ಪೋಲೆಂಡಿನವರು ತಮ್ಮ ಯಂತ್ರಕ್ಕೆ ಇಟ್ಟಿದ್ದ ಹೆಸರಿನಿಂದ ಬಂದದ್ದು. ಸುಮಾರು ಒಂದು ಟನ್ ತೂಕದ ಮೊದಲ ಯಂತ್ರ 1940ರ ಮಾರ್ಚ್‌ನಲ್ಲಿ ಬಂದಿತು. ಗಾರ್ಡನ್ ವೆಲ್ಚ್‌ಮನ್ ಎಂಬ ಸಹೋದ್ಯೋಗಿ ಅದನ್ನು ಇನ್ನಷ್ಟು ಚುರುಕುಗೊಳಿಸಿದರು. ಯುದ್ಧ ಮುಗಿಯುವ ವೇಳೆಗೆ ಬ್ರಿಟನ್ನಿನಲ್ಲಿ ಇಂಥ ಯಂತ್ರಗಳು 200ಕ್ಕೂ ಹೆಚ್ಚಾಗಿದ್ದವು. ಅವುಗಳನ್ನು ಹಗಲೂ ರಾತ್ರಿ ನಡೆಸಿದವರಲ್ಲಿ ಹೆಚ್ಚಿನವರು ಯುವತಿಯರು.

ಟ್ಯೂರಿಂಗ್ ಅವರ ನಡೆ ಸ್ವಲ್ಪ ವಿಚಿತ್ರ. ಚಹಾ ಕುಡಿಯುವ ಮಗ್ ಬೇರೆಯವರು ಒಯ್ಯದಂತೆ ಕೊಳವೆಗೆ ಸರಪಳಿ ಹಾಕಿ ಕಟ್ಟಿಡುತ್ತಿದ್ದರು! ಹೂವಿನ ಪರಾಗದಿಂದ ಸೀನು ಬರುತ್ತದೆಂದು ವಿಷಾನಿಲ ತಡೆಯುವ ಮುಖವಾಡ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದರು. ಜನ ನಕ್ಕರೂ ಅವರಿಗೆ ಚಿಂತೆಯಿರಲಿಲ್ಲ.

ಕೀಲಿಕೈಗಾಗಿ ಎರಡು ಪ್ರಾಣ

ಟ್ಯೂರಿಂಗ್ ಅವರ ತಂಡದ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಕಷ್ಟದ ನೌಕಾಪಡೆಯ ಎನಿಗ್ಮಾ. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಆಹಾರ ತರುತ್ತಿದ್ದ ಹಡಗುಗಳನ್ನು ಮುಳುಗಿಸುತ್ತಿದ್ದವು. ಸಂದೇಶ ಬಿಡಿಸಿದರೆ ಹಡಗುಗಳಿಗೆ ಬೇರೆ ದಾರಿ ತೋರಿಸಬಹುದು. ಇಲ್ಲದಿದ್ದರೆ ನಾವಿಕರು ಸಾಯುತ್ತಾರೆ.

1942ರ ಫೆಬ್ರವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ತಮ್ಮ ಎನಿಗ್ಮಾಕ್ಕೆ ನಾಲ್ಕನೆಯ ಚಕ್ರ ಸೇರಿಸಿದವು. ಹತ್ತು ತಿಂಗಳು ಬ್ಲೆಚ್ಲಿ ಪಾರ್ಕಿಗೆ ಕತ್ತಲು ಕವಿದಂತಾಯಿತು.

ಅಕ್ಟೋಬರ್ 30ರಂದು ಈಜಿಪ್ಟಿನ ಕಡಲಲ್ಲಿ ಯು-559 ಎಂಬ ಜಲಾಂತರ್ಗಾಮಿ ಮುಳುಗುತ್ತಿತ್ತು. ಬ್ರಿಟಿಷ್ ಹಡಗಿನ ಟೋನಿ ಫ್ಯಾಸನ್ ಮತ್ತು ಕಾಲಿನ್ ಗ್ರೇಜಿಯರ್ ಎಂಬಿಬ್ಬರು ಈಜಿ ಹೋಗಿ ಅದರೊಳಗೆ ಇಳಿದರು. ಹಡಗಿನ ಕ್ಯಾಂಟೀನಿನ ಹುಡುಗ, ಹದಿನಾರು ವರ್ಷದ ಟಾಮಿ ಬ್ರೌನ್, ಅವರು ಕೊಟ್ಟ ಪುಸ್ತಕಗಳನ್ನು ಮೇಲಕ್ಕೆ ಸಾಗಿಸಿದ. ಜರ್ಮನ್ ನೌಕಾಪಡೆಯ ಸಂಕೇತ ಪುಸ್ತಕಗಳನ್ನು ನೀರು ಸೋಕಿದರೆ ಅಳಿಸಿಹೋಗುವ ಶಾಯಿಯಲ್ಲಿ ಮುದ್ರಿಸುತ್ತಿದ್ದರು. ಹಾಗಾಗಿ ಒದ್ದೆಯಾಗದಂತೆ ತರಬೇಕಿತ್ತು. ಪುಸ್ತಕಗಳು ಉಳಿದವು, ಟಾಮಿ ಉಳಿದ. ಒಳಗಿದ್ದ ಇಬ್ಬರು ಜಲಾಂತರ್ಗಾಮಿಯೊಂದಿಗೆ ಮುಳುಗಿಹೋದರು.

ಆ ಪುಸ್ತಕಗಳ ನೆರವಿನಿಂದ ಡಿಸೆಂಬರ್‌ನಲ್ಲಿ ಬ್ಲೆಚ್ಲಿ ಪಾರ್ಕ್ ಮತ್ತೆ ಸಂದೇಶಗಳನ್ನು ಓದತೊಡಗಿತು. ಕೀಲಿಕೈ ಎಂದರೆ ಎಷ್ಟು ಬೆಲೆಯ ವಸ್ತು ಎಂಬುದು ಈಗ ನಿಮಗೆ ಅರ್ಥವಾಯಿತಲ್ಲವೇ?

ಗ್ರಾಮಫೋನ್ ತಟ್ಟೆಯಲ್ಲಿ ಗುಟ್ಟು

ಇಷ್ಟು ಹೊತ್ತು ನೋಡಿದ್ದು ಬರೆದ ಸಂದೇಶಗಳ ಬೀಗ. ಆಡಿದ ಮಾತಿಗೆ ಬೀಗ ಹಾಕುವುದು ಹೇಗೆ? 1942ರ ನವೆಂಬರ್‌ನಲ್ಲಿ ಟ್ಯೂರಿಂಗ್ ಹಡಗಿನಲ್ಲಿ ಅಮೆರಿಕಕ್ಕೆ ಹೊರಟರು. ನ್ಯೂಯಾರ್ಕಿನ ಬೆಲ್ ಪ್ರಯೋಗಾಲಯದಲ್ಲಿ ಸಿಗ್‌ಸಾಲಿ ಎಂಬ ಗುಪ್ತ ದೂರವಾಣಿ ಸಿದ್ಧವಾಗುತ್ತಿತ್ತು. ಅದನ್ನು ನೋಡಲು ಅವರಿಗೂ ಸುಲಭವಾಗಿ ಅನುಮತಿ ಸಿಗಲಿಲ್ಲ. ಅಮೆರಿಕದ ಸೇನೆಯ ಹಿರಿಯ ಅಧಿಕಾರಿಗಳು ಒಪ್ಪುವವರೆಗೆ ಕಾಯಬೇಕಾಯಿತು. 1943ರ ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿದ್ದು ಅವರು ಆ ಯಂತ್ರವನ್ನು ಪರಿಶೀಲಿಸಿದರು.

ಸಿಗ್‌ಸಾಲಿ ಮಾತಿನ ಧ್ವನಿಯನ್ನು ಭಾಗಗಳಾಗಿ ಒಡೆದು, ಪ್ರತಿ ಭಾಗದ ಬಲವನ್ನು ಸೆಕೆಂಡಿಗೆ 50 ಸಲ ಅಳೆದು, 0ಯಿಂದ 5ರವರೆಗಿನ ಒಂದು ಅಂಕಿಯಾಗಿ ಬರೆಯುತ್ತಿತ್ತು. ಅದಕ್ಕೆ ಕೀಲಿಕೈಯ ಅಂಕಿಯನ್ನು ಕೂಡಿಸುತ್ತಿತ್ತು. ಮೊತ್ತ 5ನ್ನು ದಾಟಿದರೆ 6ನ್ನು ಕಳೆಯಬೇಕು. ಮಾತಿನ ಅಂಕಿ 4, ಕೀಲಿಕೈ 3 ಎಂದುಕೊಳ್ಳಿ. ಕೂಡಿದರೆ 7. ಅದರಲ್ಲಿ 6 ಕಳೆದರೆ 1. ಗಾಳಿಯಲ್ಲಿ ಹೋಗುವುದು 1 ಮಾತ್ರ. ಕೇಳುವ ಕಡೆಯಲ್ಲಿ ಅದೇ 3ನ್ನು ಕಳೆದರೆ 4 ಮತ್ತೆ ಸಿಗುತ್ತದೆ. ಕೀಲಿಕೈ ಗೊತ್ತಿಲ್ಲದವನಿಗೆ ಆ 1 ಯಾವುದರಿಂದ ಬಂತೆಂದು ತಿಳಿಯುವುದೇ ಇಲ್ಲ.

ಹಾಗಾದರೆ ಕೀಲಿಕೈ ಎಲ್ಲಿತ್ತು? ಎರಡು ಗ್ರಾಮಫೋನ್ ತಟ್ಟೆಗಳಲ್ಲಿ! ಒಂದೇ ಬಗೆಯ ಗದ್ದಲವನ್ನು ಮುದ್ರಿಸಿದ ಒಂದು ಜೊತೆ ತಟ್ಟೆ. ಒಂದು ವಾಷಿಂಗ್ಟನ್ನಿಗೆ, ಇನ್ನೊಂದು ಲಂಡನ್ನಿಗೆ. ಎರಡೂ ಕಡೆ ಒಂದೇ ಕ್ಷಣದಲ್ಲಿ ಶುರು ಮಾಡಬೇಕು. ಒಂದು ತಟ್ಟೆ ಸುಮಾರು 12 ನಿಮಿಷದ ಮಾತಿಗೆ ಸಾಕು. ಬಳಸಿದ ಮೇಲೆ ತಟ್ಟೆಯನ್ನು ನಾಶ ಮಾಡುತ್ತಿದ್ದರು. ಎರಡನೆಯ ಸಲ ಬಳಸುವಂತಿರಲಿಲ್ಲ. ತಟ್ಟೆ ಇಲ್ಲದಿದ್ದರೆ 50 ಟನ್ ಯಂತ್ರವಿದ್ದೂ ಪ್ರಯೋಜನವಿಲ್ಲ. 1943ರ ಜುಲೈ 15ರಂದು ಈ ದೂರವಾಣಿ ಕೆಲಸ ಶುರು ಮಾಡಿತು.

ಡಿಲೈಲಾ

ಇಷ್ಟು ದೊಡ್ಡ ಯಂತ್ರವನ್ನು ಸೈನಿಕರು ಹೊತ್ತು ತಿರುಗಲು ಸಾಧ್ಯವೇ? ಇಂಗ್ಲೆಂಡಿಗೆ ಮರಳಿದ ಟ್ಯೂರಿಂಗ್ ಹ್ಯಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿ ತಾವೇ ಒಂದು ಚಿಕ್ಕ ಯಂತ್ರ ಕಟ್ಟಲು ನಿಂತರು. ಅದರ ಹೆಸರು ಡಿಲೈಲಾ. ಅವರಿಗೆ ಸಹಾಯಕರಾಗಿ ಬಂದವರು ಡೊನಾಲ್ಡ್ ಬೇಲಿ ಎಂಬ ಯುವ ಎಂಜಿನಿಯರ್. ಟ್ಯೂರಿಂಗ್ ಬೆಸುಗೆ ಹಾಕಿದ ತಂತಿಗಳು ಹಕ್ಕಿಯ ಗೂಡಿನಂತಿರುತ್ತಿದ್ದವು. ಅಚ್ಚುಕಟ್ಟಾಗಿ ಜೋಡಿಸುವುದನ್ನು ಬೇಲಿ ಕಲಿಸಿದರು. ಗಣಿತವನ್ನು ಟ್ಯೂರಿಂಗ್ ಹೇಳಿಕೊಟ್ಟರು. ದೊಡ್ಡ ಗಣಿತಜ್ಞನೂ ಕಿರಿಯನಿಂದ ಕಲಿಯಬಹುದು, ನೋಡಿದಿರಾ?

ಡಿಲೈಲಾ ಧ್ವನಿಯನ್ನು ಸೆಕೆಂಡಿಗೆ ಸುಮಾರು 4,000 ಸಲ ಅಳೆದು, ಪ್ರತಿ ಅಳತೆಗೂ ಕೀಲಿಕೈಯ ಸಂಖ್ಯೆ ಕೂಡಿಸುತ್ತಿತ್ತು. ಇದಕ್ಕೆ ತಟ್ಟೆ ಬೇಕಿರಲಿಲ್ಲ. ತಿರುಗುವ ಚಕ್ರಗಳು ಮತ್ತು ವಿದ್ಯುತ್ ಮಂಡಲಗಳಿಂದ ಯಂತ್ರವೇ ಸಂಖ್ಯೆಗಳ ಉದ್ದನೆಯ ಸಾಲನ್ನು ತಯಾರಿಸುತ್ತಿತ್ತು. ಎರಡೂ ಕಡೆಯವರು ಒಂದೇ ಜೋಡಣೆಯಿಂದ ಶುರು ಮಾಡಿದರೆ ಸಾಕು. ಎಲ್ಲ ಸೇರಿ ತೂಕ ಸುಮಾರು 39 ಕಿಲೋಗ್ರಾಂ. ಪ್ರಧಾನಿ ಚರ್ಚಿಲ್ ಅವರ ಭಾಷಣದ ಮುದ್ರಿಕೆಯನ್ನು ಡಿಲೈಲಾದಲ್ಲಿ ಹಾಕಿ ತೋರಿಸಿದರು. ಮೊದಲು ಬರೀ ಗದ್ದಲ. ಬೀಗ ತೆಗೆದಾಗ ಮತ್ತೆ ಭಾಷಣ! ಆದರೆ ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಡಿಲೈಲಾ ಬಳಕೆಗೆ ಬರಲಿಲ್ಲ.

ಮುಚ್ಚಿದ ಬಾಗಿಲು

ಯುದ್ಧದ ನಂತರ ಟ್ಯೂರಿಂಗ್ ಕಂಪ್ಯೂಟರಿನ ವಿನ್ಯಾಸ ಮಾಡಿದರು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯ ಬಗ್ಗೆ 1950ರಲ್ಲಿ ಬರೆದರು. ಪ್ರಾಣಿಗಳ ಮೈಮೇಲೆ ಮಚ್ಚೆ, ಪಟ್ಟೆಗಳು ಹೇಗೆ ಮೂಡುತ್ತವೆ ಎಂಬುದಕ್ಕೂ ಗಣಿತ ಹುಡುಕಿದರು. ಓಟದಲ್ಲೂ ಮುಂದಿದ್ದ ಅವರು 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಓಡಿದ್ದರು.

1952ರಲ್ಲಿ ಅವರ ಬದುಕು ತಲೆಕೆಳಗಾಯಿತು. ಗಂಡಸೊಬ್ಬ ಇನ್ನೊಬ್ಬ ಗಂಡಸನ್ನು ಪ್ರೀತಿಸಿ ಬಾಳುವುದನ್ನು ಅಂದಿನ ಬ್ರಿಟನ್ನಿನ ಕಾನೂನು ಅಪರಾಧವೆಂದು ಎಣಿಸುತ್ತಿತ್ತು. ಟ್ಯೂರಿಂಗ್ ಅಂಥವರಾಗಿದ್ದರು. ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಸೆರೆಮನೆಯ ಬದಲು ದೇಹವನ್ನೇ ಬದಲಿಸುವ ಔಷಧವನ್ನು ಒಂದು ವರ್ಷ ತೆಗೆದುಕೊಳ್ಳಬೇಕಾಯಿತು. ಗುಪ್ತ ಕೆಲಸಕ್ಕೆ ಇದ್ದ ಅನುಮತಿಯನ್ನೂ ಸರ್ಕಾರ ಕಿತ್ತುಕೊಂಡಿತು. ದೇಶದ ಕೀಲಿಕೈ ಕಾಯ್ದವರಿಗೇ ಬಾಗಿಲು ಮುಚ್ಚಿತು! ಆದರೂ ಅವರು ಯುದ್ಧದ ಗುಟ್ಟನ್ನು ಬಿಟ್ಟುಕೊಡಲಿಲ್ಲ. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಅವರು ತೀರಿಕೊಂಡರು. ಆಗ ಅವರ ವಯಸ್ಸು 41.

ಬ್ಲೆಚ್ಲಿ ಪಾರ್ಕಿನ ಗುಟ್ಟು ಎಲ್ಲರಿಗೂ ತಿಳಿದದ್ದು 1974ರಲ್ಲಿ, ಅಂದರೆ ಅವರು ತೀರಿಕೊಂಡ 20 ವರ್ಷದ ನಂತರ. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿ ಅವರ ಮೇಲಿದ್ದ ಅಪರಾಧವನ್ನು ಮನ್ನಿಸಿದರು. 2021ರಲ್ಲಿ ಅವರ ಚಿತ್ರವಿರುವ 50 ಪೌಂಡ್ ನೋಟು ಬಂದಿತು.

ತಟ್ಟೆಯಿಂದ ಕಾರ್ಡಿಗೆ

ಅದೇ 1974ರಲ್ಲಿ ಫ್ರಾನ್ಸಿನ ರೋಲಾನ್ ಮೊರೆನೋ ನೆನಪಿನ ಚಿಪ್ ಇರುವ ಕಾರ್ಡಿಗೆ ಪೇಟೆಂಟ್ ಪಡೆದರು. ಜರ್ಮನಿಯಲ್ಲಿ ಹೆಲ್ಮುಟ್ ಗ್ರೋಟ್ರುಪ್ ಮತ್ತು ಯುರ್ಗೆನ್ ಡೆತ್‌ಲೋಫ್ ಇದಕ್ಕೂ ಮೊದಲೇ ಇಂಥ ವಿಚಾರ ಮುಂದಿಟ್ಟಿದ್ದರು. 1970ರ ದಶಕದ ಕೊನೆಯಲ್ಲಿ ಕಾರ್ಡಿನೊಳಗೇ ಲೆಕ್ಕ ಮಾಡುವ ಚಿಪ್ ಬಂದಿತು. ಹೀಗೆ ಹುಟ್ಟಿದ್ದು ಸ್ಮಾರ್ಟ್ ಕಾರ್ಡ್.

1987ರಲ್ಲಿ ಅಮೆರಿಕದ ಸರ್ಕಾರ ಎಸ್‌ಟಿಯು-3 ಎಂಬ ಗುಪ್ತ ದೂರವಾಣಿಯನ್ನು ಬಳಕೆಗೆ ತಂದಿತು. ಮೇಜಿನ ಮೇಲೆ ಸಾಮಾನ್ಯ ಫೋನಿನಂತೆ ಇರುತ್ತಿತ್ತು. ಅದರ ಜೊತೆಗೆ ಪ್ಲಾಸ್ಟಿಕ್ಕಿನ ಒಂದು ಕೀಲಿಕೈ. ಒಳಗೆ ನೆನಪಿನ ಚಿಪ್. ಅದನ್ನು ಫೋನಿಗೆ ಹಾಕಿ ತಿರುಗಿಸಿದರೆ ಮಾತ್ರ ಮಾತಿಗೆ ಬೀಗ ಬೀಳುತ್ತಿತ್ತು. ಸಂಜೆ ಅಧಿಕಾರಿ ಅದನ್ನು ತೆಗೆದಿಟ್ಟರೆ, ಉಳಿಯುವುದು ಸಾಮಾನ್ಯ ಫೋನು. ಯಂತ್ರ ಕಳುವಾದರೂ ಗುಟ್ಟು ಕಳುವಾಗುವುದಿಲ್ಲ. ಕೆರ್ಕಾಫ್ಸ್ ಹೇಳಿದ ತತ್ವ ನೆನಪಾಯಿತೇ?

1991ರಲ್ಲಿ ಮೊದಲ ಸಿಮ್ ಕಾರ್ಡುಗಳು ಫಿನ್ಲೆಂಡಿನಲ್ಲಿ ಬಳಕೆಗೆ ಬಂದವು. ಸಿಮ್ ಇನ್ನೂ ಜಾಣ. ದೂರವಾಣಿ ಕಂಪನಿಯ ಯಂತ್ರ ಅದಕ್ಕೆ ಯಾವುದೋ ಒಂದು ಸಂಖ್ಯೆ ಕಳುಹಿಸುತ್ತದೆ. ಕಾರ್ಡ್ ಅದನ್ನು ತನ್ನ ಗುಟ್ಟಿನ ಸಂಖ್ಯೆಯೊಂದಿಗೆ ಬೆರೆಸಿ ಲೆಕ್ಕ ಮಾಡಿ ಉತ್ತರ ಮಾತ್ರ ಹೇಳುತ್ತದೆ. ಗುಟ್ಟು ಕಾರ್ಡಿನಿಂದ ಹೊರಗೆ ಬರುವುದೇ ಇಲ್ಲ. ಅದೇ ಲೆಕ್ಕದಿಂದ ಆ ಹೊತ್ತಿನ ಮಾತಿಗೆ ಬೇಕಾದ ಕೀಲಿಕೈಯೂ ಸಿದ್ಧವಾಗುತ್ತದೆ. ಗ್ರಾಮಫೋನ್ ತಟ್ಟೆ ಮಾಡುತ್ತಿದ್ದ ಕೆಲಸ ಉಗುರಿನಷ್ಟು ಜಾಗಕ್ಕೆ ಇಳಿದಿದೆ.

ನೀವೇ ಮಾಡಿ ನೋಡಿ

ನಿಮಗೂ ನಿಮ್ಮ ಗೆಳೆಯನಿಗೂ ಒಂದು ಪಟ್ಟಿ ಇರಲಿ: 0 – ಬಾ, 1 – ಹೋಗು, 2 – ನಾಳೆ, 3 – ಇಂದು, 4 – ಶಾಲೆಗೆ, 5 – ಆಟಕ್ಕೆ. ಈಗ ದಾಳ ಹಾಕಿ ಕೀಲಿಕೈ ತಯಾರಿಸಿ. 6 ಬಿದ್ದರೆ 0 ಎಂದು ಬರೆಯಿರಿ. ಅದನ್ನು ಎರಡು ಚೀಟಿಗಳಲ್ಲಿ ಬರೆದು ಒಂದನ್ನು ಗೆಳೆಯನಿಗೆ ಕೊಡಿ.

ಕೀಲಿಕೈ 5, 3, 1 ಎಂದಿರಲಿ. ಸಂದೇಶ ‘ನಾಳೆ ಶಾಲೆಗೆ ಬಾ’, ಅಂದರೆ 2, 4, 0. ಕೂಡಿ, 5 ದಾಟಿದ ಕಡೆ 6 ಕಳೆಯಿರಿ. ಬರುವುದು 1, 1, 1. ಕದ್ದು ಓದಿದವನಿಗೆ ಕಾಣುವುದು ‘ಹೋಗು ಹೋಗು ಹೋಗು’! ಗೆಳೆಯ ತನ್ನ ಚೀಟಿ ನೋಡಿ ಕೀಲಿಕೈ ಕಳೆಯುತ್ತಾನೆ. ಕಳೆಯಲು ಸಾಲದಿದ್ದರೆ ಮೊದಲು 6 ಕೂಡಿಸಿಕೊಳ್ಳಬೇಕು. ಕೆಲಸ ಮುಗಿದ ಕೂಡಲೇ ಎರಡೂ ಚೀಟಿ ಹರಿದುಹಾಕಿ. ಅದೇ ಚೀಟಿಯನ್ನು ಹತ್ತು ಸಲ ಬಳಸಿದರೆ ಏನಾಗಬಹುದು? ತರಗತಿಯಲ್ಲಿ ಚರ್ಚಿಸಿ.

ಮಕ್ಕಳೇ, ಇನ್ನು ಮುಂದೆ ಸಿಮ್ ಕಾರ್ಡ್ ನೋಡಿದಾಗ ಮುಳುಗುವ ಜಲಾಂತರ್ಗಾಮಿಯೊಳಗೆ ಇಳಿದ ಇಬ್ಬರನ್ನು ನೆನೆಯಿರಿ. ತಾನು ಮಾಡಿದ ಕೆಲಸವನ್ನು ಹೆತ್ತ ತಾಯಿಗೂ ಹೇಳದೆ ಹೋದ ಟ್ಯೂರಿಂಗ್ ಅವರನ್ನೂ ನೆನೆಯಿರಿ. ಯಾರನ್ನಾದರೂ ನಮ್ಮಂತಿಲ್ಲ ಎಂಬ ಒಂದೇ ಕಾರಣಕ್ಕೆ ದೂರ ಇಡುವ ಮೊದಲು ಒಮ್ಮೆ ಯೋಚಿಸಿ.